ಸಾವಿರದ ನೂರನಲವತ್ತು ಸಾಲು

ಕಂಪ್ಯೂಟರ್ ಪರದೆಗಳು ಇಲ್ಲವಾದ ವರ್ಷ ಎಲ್ಲರೂ ನನಗೆ ಅಭಿನಂದನೆ ಹೇಳಿದರು.

"ನೀಲಕ್ಕಾರ, ಇನ್ನ ಮ್ಯಾಲ ನಿಮ್ದ ರಾಜ್ಯ ಬಿಡ್ರಿ," ಎಂದ ಪಕ್ಕದ ಮೇಜಿನ ಬಸಲಿಂಗ. "ನೋಡೂದ ಇಲ್ಲ, ಎಲ್ಲಾ ಕೇಳೂದು. ಇನ್ನ ನಾವ ಕುರುಡರು."

"ಹಂಗಾರ ನಾಳೆ ಬರೂ ಮುಂದ ನಿಮಗೊಂದು ಬಿಳಿ ಕೋಲು ತರ್ತೀನಿ ತಗೋರಿ," ಎಂದೆ. ಅವನು ನಕ್ಕ. ನಾನೂ ನಕ್ಕೆ. ಆದರೆ ನನ್ನ ಬೆರಳುಗಳು ಕೀಲಿಮಣೆಯನ್ನು ಬಿಟ್ಟು ಏಳಲು ಒಪ್ಪಲಿಲ್ಲ.

ನಮ್ಮ ನೀರು ಹಂಚಿಕೆ ಕೇಂದ್ರ ಧಾರವಾಡದ ಹೊರವಲಯದಲ್ಲಿದೆ. ಮೂರು ಪಟ್ಟಣ, ಇನ್ನೂರ ಹನ್ನೆರಡು ಹಳ್ಳಿಗಳ ನಳಗಳಿಗೆ ನೀರು ಹೋಗುವುದು ಇಲ್ಲಿಂದ ನಡೆಸುವ ಸಾವಿರದ ನೂರನಲವತ್ತು ವಾಲ್ವುಗಳ ಮೂಲಕ. ನಾನು ಹುಟ್ಟು ಕುರುಡಿ. ಇಲ್ಲಿಗೆ ಸೇರಿ ಇಪ್ಪತ್ತೆರಡು ವರ್ಷ. ಮೊದಲ ಆರು ವರ್ಷ ದೂರು ವಿಭಾಗದ ಫೋನಿನ ಮುಂದೆ ಕೂತಿದ್ದೆ. ಕಣ್ಣಿಲ್ಲದವರಿಗೆ ಫೋನು ಎಂಬುದು ಆಗಿನ ಲೆಕ್ಕಾಚಾರ. ಇಲಾಖೆಯ ಪರೀಕ್ಷೆ ಬರೆದು, ಎರಡು ಸಲ ಮೇಲ್ಮನವಿ ಸಲ್ಲಿಸಿ, ವಾಲ್ವ್ ಮೇಜಿಗೆ ಬಂದೆ; ಪಂಪು, ಟ್ಯಾಂಕುಗಳನ್ನು ನೋಡುವ ಮೇಜುಗಳು ಬೇರೆ. ಹದಿನಾರು ವರ್ಷಗಳಿಂದ ಅದು ನನ್ನ ಕುರ್ಚಿ.

ಆ ಕುರ್ಚಿಯಲ್ಲಿ ಕೂರಲು ನೆರವಾದದ್ದು ಪರದೆ ಓದುವ ಒಂದು ತಂತ್ರಾಂಶ. ಪರದೆಯ ಮೇಲಿನ ಅಕ್ಷರಗಳನ್ನು ಅದು ದನಿಯಾಗಿಸುತ್ತಿತ್ತು, ಅಷ್ಟೇ. ಕೆಳಬಾಣ ಒತ್ತಿದರೆ ಮುಂದಿನ ಸಾಲು; ಬಲಬಾಣ ಒತ್ತಿದರೆ ಮುಂದಿನ ಅಕ್ಷರ. ಅದಕ್ಕೆ ಬುದ್ಧಿ ಇರಲಿಲ್ಲ. ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ನಾನು ಇಟ್ಟುಕೊಂಡ ವೇಗದಲ್ಲಿ ಅದು ಕನ್ನಡವೆಂದು ಬೇರೆಯವರಿಗೆ ತಿಳಿಯುತ್ತಲೇ ಇರಲಿಲ್ಲ. ಕುರುಡರ ಕಿವಿ ಚುರುಕು ಎನ್ನುತ್ತಾರೆ. ಹೋದ ವರ್ಷ ವೈದ್ಯರು ನನ್ನ ಕಿವಿಯಿಂದ ಕಡಲೆಕಾಳಿನಷ್ಟು ಮೇಣ ತೆಗೆದರು. ಚುರುಕಾಗಿದ್ದದ್ದು ಕಿವಿಯಲ್ಲ, ರೂಢಿ.

ಪಾಳಿ ಶುರುವಾದೊಡನೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದೆ. ವಾಲ್ವಿನ ಸಂಖ್ಯೆ, ಊರು, ತೆರೆದಿದೆಯೋ ಮುಚ್ಚಿದೆಯೋ, ಒತ್ತಡ ಎಷ್ಟು ಮೀಟರು (ನೀರಿನ ಒತ್ತಡವನ್ನು ನಾವು ಮೀಟರಿನಲ್ಲೇ ಅಳೆಯುವುದು). ಪ್ರತಿ ಸಾಲನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಬೇಕಾದದ್ದು ಕಿವಿಗೆ ಬಿದ್ದ ಕ್ಷಣ ಎಡಗೈಯ ಕಿರುಬೆರಳು ಮೂಲೆಯ ಕೀಲಿಯನ್ನು ಮುಟ್ಟಿ ದನಿಯನ್ನು ಕತ್ತರಿಸುತ್ತಿತ್ತು. ಪರದೆ ಓದಿಸಿಕೊಳ್ಳುವವರೆಲ್ಲರೂ ಹೀಗೆ ಮಾಡುತ್ತಾರೆ. ಅದು ನೀವು ರೆಪ್ಪೆ ಬಡಿಯುವ ಹಾಗೆ. ಎಷ್ಟು ಸಲ ಎಂದು ಕೇಳಿದರೆ ಹೇಳಲಾಗದು.

ಹೊಸ ವ್ಯವಸ್ಥೆಯ ಹೆಸರು ಒಡನುಡಿ. ಅದರೊಳಗೆ ಕಡತಗಳಿಲ್ಲ, ಕಿಟಕಿಗಳಿಲ್ಲ, ಕೋಷ್ಟಕಗಳಿಲ್ಲ. ಇಡೀ ಕೊಳವೆ ಜಾಲದ ಒಂದು ಜೀವಂತ ಪ್ರತಿರೂಪವನ್ನು ಅದು ತನ್ನೊಳಗೆ ನಡೆಸುತ್ತಿರುತ್ತದೆ. ನಾವು ಕೇಳಿದಾಗ ಆ ಕ್ಷಣಕ್ಕೆ ಬೇಕಾದ ವಾಕ್ಯಗಳನ್ನು ಹೆಣೆದು ಕಿವಿಗಿಟ್ಟ ಗುಂಡಿಯಲ್ಲಿ ಹೇಳುತ್ತದೆ. ಯಾವುದು ಮುಖ್ಯ, ಯಾವುದಲ್ಲ ಎಂಬುದನ್ನು ಅದೇ ತೂಗುತ್ತದೆ. ಜಗತ್ತಿನಲ್ಲಿ ಪರದೆ ತಯಾರಿಸುವುದನ್ನೇ ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಓದಲು ಪರದೆಯೇ ಇಲ್ಲವಾದಾಗ ಪರದೆ ಓದುವ ತಂತ್ರಾಂಶಕ್ಕೆ ಕೆಲಸವೇನು? ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರ ಗುಂಪೂ ಕೊನೆಯದೊಂದು ಪತ್ರ ಬರೆದು ಬಾಗಿಲು ಹಾಕಿತ್ತು.

ಕೇಂದ್ರದ ಮುಖ್ಯಸ್ಥರು ಹಿರೇಮಠ ಸರ್. ನೇರ ಮನುಷ್ಯ. ನನ್ನನ್ನು ಕರೆದು ಆದೇಶ ಓದಿ ಹೇಳಿದರು. ಮೂವತ್ತು ದಿನ ಎಲ್ಲರೂ ಹೊಸದರಲ್ಲಿ ಕೆಲಸ ಮಾಡಬೇಕು. ಮೂವತ್ತನೆಯ ದಿನ ಪ್ರತಿಯೊಬ್ಬರೂ ಒಂದು ಗಂಟೆ ಒಬ್ಬರೇ ಮೇಜು ನಡೆಸಿ ತೋರಿಸಬೇಕು. ಪರೀಕ್ಷಕರು ಒಂದೆರಡು ಹುಸಿ ದೋಷಗಳನ್ನು ಒಳಗೆ ಹಾಕಿರಬಹುದು, ಹಾಕದೆಯೂ ಇರಬಹುದು. ಪಾಸಾಗದವರು ಬೇರೆ ವಿಭಾಗಕ್ಕೆ.

"ಬ್ಯಾರೆ ವಿಭಾಗ ಅಂದ್ರ ನನಗ ದೂರು ಫೋನಲ್ರೀ ಸರ್?"

"ಅಷ್ಟು ದೂರ ಯಾಕ ವಿಚಾರ ಮಾಡ್ತೀರಿ? ಮಾತಾಡೂ ಯಂತ್ರ ಅದು. ನಿಮಗಲ್ಲದ ಮತ್ಯಾರಿಗೆ ಸಲೀಸು?"

ಅವರ ಮಾತಿನಲ್ಲಿ ಕುಹಕ ಇರಲಿಲ್ಲ.

ಮೊದಲ ವಾರ ನಾನು ಒಡನುಡಿಯ ಜೊತೆ ಜಗಳವಾಡಿದೆ. "ವಾಲ್ವುಗಳ ಸ್ಥಿತಿ ಹೇಳು" ಎಂದರೆ, "ಶುಭೋದಯ ನೀಲಾಂಬಿಕಾ ಅವರೇ, ಇಂದು ಜಾಲ ಬಹುತೇಕ ನೆಮ್ಮದಿಯಾಗಿದೆ, ಉತ್ತರ ಭಾಗದಲ್ಲಿ ಎರಡು ಕಡೆ ಮಾತ್ರ ಸ್ವಲ್ಪ ಗಮನ ಬೇಕು" ಎನ್ನುತ್ತಿತ್ತು. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೆ ಬೇರೆ ವಾಕ್ಯ. ಕೀಲಿಮಣೆ ಉಳಿದಿದ್ದದ್ದು ನನ್ನ ಮೇಜಿನಲ್ಲಿ ಮಾತ್ರ, ವಿಶೇಷ ಸೌಲಭ್ಯವೆಂದು. ಕೆಳಬಾಣ ಒತ್ತಿದೆ. "ಬೇರೇನಾದರೂ ತಿಳಿಯಬೇಕೇ?" ಎಂದಿತು. ಬಲಬಾಣ ಒತ್ತಿದೆ. ಅದಕ್ಕೂ ಅದೇ ಉತ್ತರ. ಮೂಲೆಯ ಕೀಲಿ ಮುಟ್ಟಿದಾಗ ಮಾತ್ರ ಥಟ್ಟನೆ ಸುಮ್ಮನಾಯಿತು. ಸದ್ಯ, ಇದೊಂದಾದರೂ ಹಳೆಯದರಂತಿದೆಯಲ್ಲ ಎಂದುಕೊಂಡೆ.

ನನ್ನ ಗಂಡ ಫಕ್ಕೀರೇಶ ಮನೆಯ ಮುಂಭಾಗದಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಾರೆ. ಅವರು ಒಡನುಡಿಯನ್ನು ಅಡುಗೆಮನೆಗೂ ಹಾಕಿಸಿಕೊಂಡು ಬಹಳ ಖುಷಿಯಲ್ಲಿದ್ದರು.

"ಶೇಂಗಾ ಮುಗೀಲಿಕ್ಕೆ ಬಂದದ ಅಂತ ತಾನ ಹೇಳ್ತದ ನೋಡು. ನಾ ಡಬ್ಬಿ ತಗದು ನೋಡೂದ ಬ್ಯಾಡ," ಎಂದರು, ನನ್ನ ತಟ್ಟೆಗೆ ಪುಂಡಿ ಪಲ್ಯ ಬಡಿಸುತ್ತ.

"ಎಷ್ಟು ಉಳದದ ಅಂತ ಹೇಳ್ತದೇನ್ರಿ?"

"ಕೇಳಿದ್ರ ಹೇಳ್ತದ. ಆದ್ರ ನಾ ಯಾಕ ಕೇಳಬೇಕು? ಅದು..."

"ಆತು ಬಿಡ್ರಿ."

"ನೋಡಿದೇನು! ಇಪ್ಪತ್ತು ವರ್ಷಾತು, ನನ್ನ ಒಂದು ಮಾತನ್ನೂ ಪೂರಾ ಕೇಳಿದಾಕಿ ಅಲ್ಲ ನೀನು. ಅರ್ಧಕ್ಕ ತಿಳೀತದ ನಿನಗ. ಆ ಯಂತ್ರಾನ ಹೆಂಗ ತಡಕೋತದೋ ಪಾಪ."

ಮೂರನೆಯ ವಾರದ ಹೊತ್ತಿಗೆ ಒಡನುಡಿ ಬದಲಾಯಿತು, ಅಥವಾ ನಾನು ಬದಲಾದೆ ಎಂದುಕೊಂಡೆ. ಮಾತು ಕಡಿಮೆಯಾಯಿತು. ಬೆಳಿಗ್ಗೆ ಎರಡೇ ವಾಕ್ಯ, ಆಮೇಲೆ ಗಂಟೆಗೊಂದು ಸುದ್ದಿ. ನನ್ನ ಮೇಜಿನಷ್ಟು ಶಾಂತವಾದದ್ದು ಇಡೀ ಕೋಣೆಯಲ್ಲಿ ಬೇರೊಂದಿರಲಿಲ್ಲ. ಬಸಲಿಂಗ ಬೈದುಕೊಳ್ಳುತ್ತಲೇ ಇದ್ದ. ಚಹಾ ಬಂದಾಗಲೆಲ್ಲ ಕಿವಿಯ ಗುಂಡಿ ಕಿತ್ತು ಮೇಜಿನ ಮೇಲೆ ಟಕ್ಕೆಂದು ಇಡುತ್ತಿದ್ದ. ಹಿರೇಮಠ ಸರ್ ನನ್ನ ಹಿಂದೆ ನಿಂತು, "ಎಲ್ಲಾರಿಗಿಂತ ಮೊದಲ ನೀವ ಹಿಡಕೊಂಡ್ರಿ ನೋಡ್ರಿ," ಎಂದರು. ನನಗೆ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳಬೇಕು.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ಫಕ್ಕೀರೇಶ ಫೋನಿನಲ್ಲಿ ತಂಗಿ ದ್ಯಾಮವ್ವಳ ಜೊತೆ ಮಾತಾಡುತ್ತಿದ್ದರು. ಅವಳದು ಹಾಲಗಟ್ಟಿ, ಇಲ್ಲಿಂದ ಮೂವತ್ತು ಕಿಲೋಮೀಟರು.

"ತಗೋ, ನಿಮ್ಮ ವೈನಿ ಬಂದ್ಲು. ನೀರಿಂದ ಆಕಿನ್ನ ಕೇಳು."

"ವೈನಿ," ಎಂದಳು ದ್ಯಾಮವ್ವ, "ನಮ್ಮ ಊರ ಮ್ಯಾಲ ಏನರೆ ಸಿಟ್ಟೇನು ನಿಮಗ? ನಾಕು ದಿನಾತು, ನಳದಾಗ ನೀರು ದಾರದಂಗ ಬರಾಕತ್ತೇತಿ. ಒಂದು ಕೊಡ ತುಂಬೂದ್ರಾಗ ಒಂದು ಜಗಳ ಮುಗೀತೈತಿ."

"ನಾಕು ದಿನಾ? ಯಾರರೆ ಫೋನ್ ಮಾಡಿ ದೂರು ಕೊಟ್ಟೀರೇನವಾ?"

"ದೂರು ಯಾಕ ಕೊಡೂದು? ವೈನಿ ಅದಾರಲ್ಲ, ಅವ್ರಿಗೆ ಗೊತ್ತಾಗಿರತೈತಿ ಅಂತ ಊರ ಮಂದಿಗೆಲ್ಲಾ ನಾನ ಹೇಳೀನಿ."

ಊಟ ಮಾಡಲಿಲ್ಲ. ಆಟೋ ಹಿಡಿದು ಕೇಂದ್ರಕ್ಕೆ ವಾಪಸಾದೆ. ನನ್ನ ಪಾಳಿ ಮುಗಿದಿದ್ದರಿಂದ ಮೇಜಿನಲ್ಲಿ ಬೇರೆಯವರಿದ್ದರು. ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ನನ್ನ ಹೆಸರಿನಲ್ಲಿ ಒಡನುಡಿಯನ್ನು ಎಬ್ಬಿಸಿ ಹಾಲಗಟ್ಟಿಯ ವಿಷಯ ಕೇಳಿದೆ.

"ಎಂಟುನೂರ ಅರವತ್ತಾರನೇ ವಾಲ್ವ್ ಅರ್ಧ ಮಾತ್ರ ತೆರೆಯುತ್ತಿದೆ. ಒತ್ತಡ ಹದಿನೆಂಟು ಮೀಟರಿನಿಂದ ಐದಕ್ಕೆ ಇಳಿದಿದೆ. ಇದನ್ನು ನಿಮಗೆ ಹನ್ನೊಂದು ಬಾರಿ ತಿಳಿಸಿದ್ದೇನೆ. ಹನ್ನೊಂದು ಬಾರಿಯೂ ನೀವು ಸ್ವೀಕರಿಸಿದ್ದೀರಿ. ಆದ್ದರಿಂದ ನಿಮಗಾಗಲಿ, ಈ ಮೇಜಿನ ಬೇರೆ ಪಾಳಿಯವರಿಗಾಗಲಿ ಮತ್ತೆ ಹೇಳಲಿಲ್ಲ."

"ನಾನು ಯಾವಾಗ ಸ್ವೀಕರಿಸಿದೆ?"

"ಮೂಲೆಯ ಕೀಲಿಯನ್ನು ಒತ್ತಿದಾಗ. ಮಾತಿನ ನಡುವೆ ಒತ್ತಿದರೆ, ತಿಳಿಯಿತು, ಇದು ನನಗೆ ಮುಖ್ಯವಲ್ಲ ಎಂದು ಅರ್ಥ."

ಹೀಗೆ ಎಷ್ಟು ವಿಷಯ ಸ್ವೀಕರಿಸಿದ್ದೇನೆ ಎಂದು ಕೇಳಿದೆ. ಇಪ್ಪತ್ತೊಂದು ದಿನಗಳಲ್ಲಿ ಆರು ಸಾವಿರಕ್ಕೂ ಮಿಕ್ಕಿ. ಅವುಗಳಲ್ಲಿ ಇನ್ನೂ ಸರಿಯಾಗದೆ ಉಳಿದವು ನಲವತ್ತೊಂದು.

ಆ ಶಾಂತಿ ನಾನು ಕಲಿತದ್ದರ ಫಲವಾಗಿರಲಿಲ್ಲ. ನಾನು ಬಾಯಿ ಮುಚ್ಚಿಸಿದ ವಿಷಯಗಳನ್ನೆಲ್ಲ ಅದು ವಿನಯದಿಂದ ಪಕ್ಕಕ್ಕಿಟ್ಟಿತ್ತು.

ಹಾಲಗಟ್ಟಿಯ ನೀರುಗಂಟಿಗೆ ಫೋನ್ ಮಾಡಿ, ಕೈಯಿಂದ ವಾಲ್ವ್ ತಿರುಗಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ನೀರು ಸರಿಯಾಯಿತು. ಉಳಿದ ನಲವತ್ತನ್ನೂ ಹೀಗೇ ಒಂದೊಂದಾಗಿ ಸರಿಪಡಿಸಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು: ಆದೇಶದ ಭಾಷೆಯಲ್ಲಿ ಅದಕ್ಕೆ 'ದೃಷ್ಟಿ ವಿಕಲಚೇತನ ಸಿಬ್ಬಂದಿಯ ನಿರ್ವಹಣಾ ಲೋಪ' ಎಂಬ ಹೆಸರು ಬರುತ್ತದೆ. ಆಮೇಲೆ ಮತ್ತೆ ದೂರು ವಿಭಾಗದ ಫೋನು. ಅರ್ಧ ಗಂಟೆ ಆ ಖಾಲಿ ಕುರ್ಚಿಯಲ್ಲಿ ಕೂತಿದ್ದೆ. ಕೊನೆಗೆ ಎಬ್ಬಿಸಿದ್ದು ದ್ಯಾಮವ್ವಳ ಮಾತು. ವೈನಿ ಅದಾರಲ್ಲ ಎಂದು ಇಡೀ ಊರು ನಾಲ್ಕು ದಿನ ದಾರದಂಥ ನೀರು ಹಿಡಿದಿತ್ತು.

ಹಿರೇಮಠ ಸರ್ ಕೋಣೆಯಲ್ಲಿ ತಬಸ್ಸುಮ್ ನದಾಫ್ ಕೂಡ ಇದ್ದಳು. ಒಡನುಡಿಯನ್ನು ನಮ್ಮಲ್ಲಿ ಅಳವಡಿಸಲು ಬಂದ ಎಂಜಿನಿಯರು, ಮೂವತ್ತರ ಆಸುಪಾಸು, ಬ್ಯಾಡಗಿಯವಳು. ಎಲ್ಲವನ್ನೂ ಹೇಳಿದೆ.

"ಇದನ್ನ ಬರದು ಕೊಡ್ತೀರೇನು?" ಎಂದರು ಹಿರೇಮಠ ಸರ್. ದನಿ ತಗ್ಗಿತ್ತು.

"ಕೊಡ್ತೀನ್ರಿ."

"ಅಕ್ಕಾ, ಅದು ದೋಷ ಅಲ್ಲರೀ," ಎಂದಳು ತಬಸ್ಸುಮ್. "ಬ್ಯಾಡಾದ್ದನ್ನ ಹೇಳಬಾರದು ಅಂತ ಅದು ಕಲೀತದ. ಅದರ ಹೆಚ್ಚುಗಾರಿಕೇನ ಅದು."

"ಮಾತು ನಿಲ್ಲಿಸಿದ್ರ ವಿಷಯ ಬ್ಯಾಡ ಅಂತ ಯಾರು ಹೇಳಿದ್ರು ತಂಗಿ? ನಾವು ಕೇಳಿದ ಮ್ಯಾಲ ನಿಲ್ಲಸ್ತೀವಿ. ಬೇಕಾದ್ದನ್ನ ಎಲ್ಲಾಕ್ಕಿಂತ ಲಗೂ ನಿಲ್ಲಸ್ತೀವಿ, ಯಾಕಂದ್ರ ತಿಳಿದಿರ್ತದ."

ಅವಳು ಏನನ್ನೋ ಮೆಲುದನಿಯಲ್ಲಿ ಒಡನುಡಿಗೆ ಕೇಳತೊಡಗಿದಳು. ಬಹಳ ಹೊತ್ತಿನ ಮೇಲೆ, "ಸರ್," ಎಂದಳು, "ಉಳದ ಹತ್ತು ಮೇಜಿನೊಳಗ ಹಿಂಗ ಸುಮ್ಮನಾದ ವಿಷಯ ಇನ್ನೂರಾ ಆರು ಅದಾವ. ಮಾತಿನ ನಡುವ ಕಿವಿಯಿಂದ ಗುಂಡಿ ತಗದ್ರೂ ಅದು ಹಂಗ ತಿಳಕೊಂಡದ. ಬಸಲಿಂಗ ಸರ್ ಒಬ್ಬರದ ತೊಂಬತ್ತು."

"ಅವರ ಚಹಾದ ಪ್ರಭಾವ," ಎಂದೆ.

ಹಿರೇಮಠ ಸರ್ ನಗಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಮರಳಿ ಬಂದ ಹೆಜ್ಜೆಯ ಸದ್ದಾಯಿತು. "ಪರೀಕ್ಷೆ ಮುಂದಕ್ಕ ಹಾಕಲಿಕ್ಕೆ ನನಗ ಅಧಿಕಾರ ಇಲ್ಲ. ಒಂಬತ್ತು ದಿನ ಅದಾವ. ಏನು ಬೇಕು ಹೇಳ್ರಿ ನಿಮಗ?"

"ಪಟ್ಟಿ ಬೇಕು, ಸರ್. ದಿನಾ ಅದ ಕ್ರಮ, ಅವ ನಾಕು ಮಾತು. ಯಾವುದು ಮುಖ್ಯ ಅಂತ ಅದು ನನಗ ಹೇಳೂದು ಬ್ಯಾಡ."

"ಒಡನುಡಿ ಒಳಗ ಪಟ್ಟೀನ ಇಲ್ಲಕ್ಕಾ," ಎಂದಳು ತಬಸ್ಸುಮ್. "ಅದು ಹೇಳೂದನ್ನ ನಂಬಿದ್ರ ಸಾಕಲ್ಲ? ನೂರಕ್ಕ ತೊಂಬತ್ತೊಂಬತ್ತು ಸರೀನ ಹೇಳ್ತದ."

ಅವಳಿಗೆ ಬಾಳೆಹಣ್ಣಿನ ವಿಷಯ ಹೇಳಿದೆ. ನಾನು ಓದಿದ್ದು ಕುರುಡು ಮಕ್ಕಳ ವಸತಿ ಶಾಲೆಯಲ್ಲಿ. ವಾರದ ಊಟದ ಪಟ್ಟಿಯನ್ನು ಸೋಮವಾರ ಮೇಲ್ವಿಚಾರಕಿ ಓದಿ ಹೇಳುತ್ತಿದ್ದರು. ಮಂಗಳವಾರ ಉಪ್ಪಿಟ್ಟು. ಆರು ವರ್ಷ ಮಂಗಳವಾರ ಉಪ್ಪಿಟ್ಟನ್ನೇ ತಿಂದೆವು. ಹದಿಮೂರನೆಯ ವಯಸ್ಸಿನಲ್ಲಿ ಶಾಲೆಗೆ ಪರದೆ ಓದುವ ಗಣಕಯಂತ್ರ ಬಂತು. ಅಭ್ಯಾಸಕ್ಕೆಂದು ಸಿಕ್ಕ ಮೊದಲ ಕಡತವೇ ಆ ಊಟದ ಪಟ್ಟಿ. ಬಾಣದ ಕೀಲಿ ಒತ್ತುತ್ತ ಹೋದೆ. ಮಂಗಳವಾರ. ಉಪ್ಪಿಟ್ಟು. ಬಾಳೆಹಣ್ಣು ಒಂದು. ಮೂರು ಸಲ ಓದಿದೆ; ಕೊನೆಗೆ ಅಕ್ಷರ ಅಕ್ಷರವಾಗಿ ಓದಿದೆ. ಆಮೇಲೆ ಹೋಗಿ ಬಾಳೆಹಣ್ಣು ಕೇಳಿದೆ. ಮೇಲ್ವಿಚಾರಕಿ ಕೆಟ್ಟವರಲ್ಲ. ಹಣ್ಣು ಬರುವುದು ಯಾವಾಗಲೋ ನಿಂತಿತ್ತಂತೆ, ಹೇಳಿ ಮಕ್ಕಳಿಗೆ ಆಸೆ ಹುಟ್ಟಿಸುವುದೇಕೆಂದು ಬಿಟ್ಟಿದ್ದರಂತೆ.

"ಆಮ್ಯಾಲ ಹಣ್ಣು ಬಂತೇನ್ರಿ?" ಎಂದು ಕೇಳಿದ್ದು ಹಿರೇಮಠ ಸರ್.

"ಮುಂದಿನ ಮಂಗಳವಾರದಿಂದ ಬಂತ್ರಿ. ಸಣ್ಣ ಸಣ್ಣ ಇದ್ದವು."

ಮರುದಿನದಿಂದ ತಬಸ್ಸುಮ್ ನನ್ನ ಮೇಜಿನ ಪಕ್ಕದಲ್ಲೇ ಕೂತಳು. ಪಟ್ಟಿ ಇಲ್ಲದ ಯಂತ್ರದಿಂದ ಪಟ್ಟಿ ಬರಿಸಲು ಒಂದೇ ದಾರಿ ಇತ್ತು. ಸಾವಿರದ ನೂರನಲವತ್ತು ವಾಲ್ವುಗಳ ಬಗ್ಗೆಯೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಕೇಳಬೇಕು; ಉತ್ತರದ ವಾಕ್ಯ ಹೆಣೆಯುವ ಸ್ವಾತಂತ್ರ್ಯವನ್ನು ಅದರಿಂದ ಕಸಿದುಕೊಳ್ಳಬೇಕು; ಬಂದದ್ದನ್ನು ಸಾಲಾಗಿ ನಿಲ್ಲಿಸಬೇಕು. ಹೇಳುವಷ್ಟು ಸುಲಭವಿರಲಿಲ್ಲ. ಮೊದಲ ದಿನ ಅದು ಪ್ರತಿ ಸಾಲಿಗೂ ಶುಭೋದಯ ಹೇಳಿತು. ಎರಡನೆಯ ದಿನ ಒಂದೇ ರೀತಿಯ ನಲವತ್ತು ಸಾಲುಗಳನ್ನು ಸೇರಿಸಿ, "ಮುಂದಿನ ನಲವತ್ತೂ ಸರಿಯಾಗಿವೆ" ಎಂದು ಕೈತೊಳೆದುಕೊಂಡಿತು.

"ಇದಕ್ಕ ಆಲಸ್ಯ ಭಾಳ ಅದ," ಎಂದೆ.

"ಬುದ್ಧಿ ಭಾಳಾದ್ರ ಹಂಗರೀ ಅಕ್ಕಾ," ಎಂದಳು ತಬಸ್ಸುಮ್. "ನಮ್ಮ ಅಣ್ಣ ಹಿಂಗ ಅದಾನ."

ಆರನೆಯ ದಿನ ಕೆಳಬಾಣ ಒತ್ತಿದೆ. ಒಂದು, ಅಮ್ಮಿನಬಾವಿ ರಸ್ತೆ, ತೆರೆದಿದೆ, ಇಪ್ಪತ್ತೆರಡು. ಮತ್ತೆ ಒತ್ತಿದೆ. ಎರಡು. ಮೇಲ್ಬಾಣ ಒತ್ತಿದೆ. ಒಂದು. ಕೆಳಗೆ, ಮೇಲೆ, ಕೆಳಗೆ. ಸಾಲು ಇದ್ದಲ್ಲೇ ಇತ್ತು. ಕಾಲಿಗೆ ನೆಲ ಸಿಕ್ಕಿತು. ಬಲಬಾಣ ಒತ್ತಿದರೆ ಅಕ್ಷರವೂ ಬಂತು; ಅದನ್ನು ನಾನು ಕೇಳಿರಲಿಲ್ಲ, ತಬಸ್ಸುಮ್ ತಾನಾಗಿಯೇ ಮಾಡಿದ್ದಳು. ಮೂಲೆಯ ಕೀಲಿ ಈಗ ದನಿಯನ್ನಷ್ಟೇ ನಿಲ್ಲಿಸುತ್ತಿತ್ತು. ಸ್ವೀಕರಿಸಲು ಬೇರೆ ಎರಡು ಕೀಲಿಗಳನ್ನು ಕೂಡಿಸಿ ಒತ್ತಬೇಕು. ಉಳಿದವರ ಕಿವಿಯ ಗುಂಡಿಗೂ ಅದೇ ನಿಯಮ ಬಂತು.

ಹಳೆಯ ತಗಡು ದನಿ ಮಾತ್ರ ಬರಲಿಲ್ಲ. ಅದನ್ನು ಕಟ್ಟಿದವರು ಎಲ್ಲಿದ್ದಾರೋ, ಅವರು ಬರೆದ ಲೆಕ್ಕಾಚಾರಗಳು ಹೊಸ ಯಂತ್ರಕ್ಕೆ ಅರ್ಥವಾಗುವಂಥವಲ್ಲ. ಒಡನುಡಿಯ ಸಿಹಿ ದನಿಯನ್ನೇ ವೇಗ ಹೆಚ್ಚಿಸಿ ಹೆಚ್ಚಿಸಿ ಒಣಗಿಸಿದೆವು. ಭಾನುವಾರ ಅದನ್ನು ಮನೆಯಲ್ಲಿ ಹಾಕಿಕೊಂಡು ಕಿವಿ ಪಳಗಿಸುತ್ತಿದ್ದಾಗ ಫಕ್ಕೀರೇಶ ಲಟ್ಟಣಿಗೆ ಹಿಡಿದೇ ಬಂದರು.

"ಏನದು? ಎಣ್ಣ್ಯಾಗ ಸಾಸಿವಿ ಸಿಡದಂಗ?"

"ಹೊಸಾ ದನಿರೀ. ಎರಡು ದಿನಕ್ಕ ಕಿವೀಗೆ ಹೊಂದ್ತದ."

"ಹಳೇದು ಕಳ್ಳಿಬೇಲ್ಯಾಗಿನ ಗಾಳಿಯಂಗ ಇತ್ತು. ಇದ ಚಲೋ." ಅಲ್ಲೇ ನಿಂತರು. "ಪಾಸ್ ಆಗಲಿಲ್ಲಂದ್ರ ಏನು ಮಾಡ್ತಿ?"

"ಫೋನ್ ಎತ್ತಬೇಕು."

"ಆಗ ಸಿಟ್ಟು ಮಾಡ್ಕೋಬ್ಯಾಡ. ಮಂದಿ ಮಾತು ಪೂರಾ ಕೇಳಬೇಕಾಗ್ತದ ಅಲ್ಲೆ."

ಇಬ್ಬರೂ ನಕ್ಕೆವು. ಅವರು ಹೆಂಚಿನ ಕಡೆಗೆ ಓಡಿದರು. ರೊಟ್ಟಿ ಸೀದ ವಾಸನೆ ಬಂದಿತ್ತು. ಅದನ್ನು ಅವರ ಒಡನುಡಿ ಹೇಳುವ ಮೊದಲೇ ನಾನು ಹೇಳಿದ್ದೆ.

ಮೂವತ್ತನೆಯ ದಿನ ಹತ್ತು ಗಂಟೆಗೆ ಹಿರೇಮಠ ಸರ್ ನನ್ನ ಎಡಗಡೆ ಕುರ್ಚಿ ಎಳೆದು ಕೂತರು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಅವರ ಪಕ್ಕದಲ್ಲಿ. ತಬಸ್ಸುಮ್ ಗೋಡೆಯ ಬಳಿ ನಿಂತಿದ್ದಳೆಂದು ಅವಳ ಬಳೆಗಳಿಂದ ತಿಳಿಯಿತು.

"ಶುರು ಮಾಡ್ರಿ," ಎಂದರು ಪರೀಕ್ಷಕರು.

ಒಡನುಡಿ ಮೊದಲು ತನ್ನ ಮಾತು ಹೇಳಿತು, ಎಲ್ಲರಿಗೂ ಕೇಳುವಂತೆ: "ಜಾಲದಲ್ಲಿ ಎಲ್ಲವೂ ಸರಿಯಾಗಿದೆ. ನೀವು ಗಮನಿಸಬೇಕಾದದ್ದು ಏನೂ ಇಲ್ಲ."

ನಾನು ಕೆಳಬಾಣದ ಮೇಲೆ ಬೆರಳಿಟ್ಟೆ. ಒಂದು. ಎರಡು. ಮೂರು. ಹಳೆಯ ವೇಗ ಇನ್ನೂ ಬಂದಿರಲಿಲ್ಲ. ಮೊದಲು ಮೂವತ್ತೆಂಟು ನಿಮಿಷ ಹಿಡಿಯುತ್ತಿದ್ದ ಕೆಲಸಕ್ಕೆ ಈಗ ಐವತ್ತಾದರೂ ಬೇಕು. ನೂರು ದಾಟಿತು, ಇನ್ನೂರು ದಾಟಿತು. ಇನ್ನೂರ ಎಪ್ಪತ್ತರಲ್ಲಿ ಒತ್ತಡ ಸ್ವಲ್ಪ ಹೆಚ್ಚು ಎನಿಸಿ ನಿಂತು, ಅಂಕೆಯನ್ನು ಬಿಡಿಬಿಡಿಯಾಗಿ ಓದಿದೆ. ಸರಿಯಿತ್ತು. ಮುಂದೆ ಹೋದೆ. ಅರ್ಧ ಗಂಟೆಯ ಹೊತ್ತಿಗೆ ಏಳುನೂರರ ಹತ್ತಿರ ಇದ್ದೆ. ಪರೀಕ್ಷಕರು ಕುರ್ಚಿಯಲ್ಲಿ ಅತ್ತಿತ್ತ ಸರಿದಾಡಿದರು.

"ಮೇಡಂ, ಯಂತ್ರ ಎಲ್ಲಾ ಸರಿ ಅದ ಅಂದದ. ನಾವು ಒಪ್ಕೋತೀವಿ. ಬೇಕಾದ್ರ ಇಲ್ಲಿಗೆ ಮುಗಿಸಬಹುದು. ಉಳದವ್ರು ಹತ್ತು ನಿಮಿಷದಾಗ ಮುಗಿಸ್ಯಾರ."

ಕಿರುಬೆರಳು ದನಿಯನ್ನು ನಿಲ್ಲಿಸಿತು. "ಒಂದು ಗಂಟೆ ಅಂತ ಆದೇಶದಾಗ ಅದಲ್ರೀ ಸರ್?"

"ಅದ."

"ಹಂಗಾರ ಇನ್ನ ಇಪ್ಪತ್ತೆಂಟು ನಿಮಿಷ ನಂದು."

ಹಿರೇಮಠ ಸರ್ ಕೆಮ್ಮಿದರು. ಅದು ಕೆಮ್ಮಲ್ಲ, ನುಂಗಿಕೊಂಡ ನಗು ಎಂದು ನನಗೆ ಅನಿಸಿತು.

ಎಂಟುನೂರು. ಒಂಬೈನೂರು. ಹಿಂದಿನ ಮೇಜುಗಳಲ್ಲಿ ಮಾತು ನಿಂತು, ಬಸಲಿಂಗ ಯಾರಿಗೋ 'ಶ್' ಎಂದದ್ದು ಕೇಳಿಸಿತು. ಸಾವಿರದ ಮೇಲೆ ಸಾಲುಗಳು ಸಣ್ಣ ಊರುಗಳವು. ಕೆಲವಕ್ಕೆ ಮೂವತ್ತು ಮನೆಗಳೂ ಇಲ್ಲ. ಆ ಹೆಸರುಗಳನ್ನು ಯಂತ್ರ ತಾನಾಗಿ ಎಂದೂ ಎತ್ತಿದ್ದಿಲ್ಲ. ಒಂದೊಂದನ್ನೂ ಓದಿದೆ. ಕೊನೆಯ ಸಾಲು ಬಂತು. ಇನ್ನೊಮ್ಮೆ ಕೆಳಬಾಣ ಒತ್ತಿದಾಗ ಸಣ್ಣದೊಂದು 'ಟಿಣ್' ಸದ್ದಾಯಿತು. ಮುಂದೆ ಏನೂ ಇಲ್ಲ ಎಂದು ತಿಳಿಸಲು ಅದನ್ನೂ ತಬಸ್ಸುಮ್ ಇಟ್ಟಿದ್ದಳು.

ಕೀಲಿಮಣೆಯಿಂದ ಕೈ ತೆಗೆದು ಹೇಳಿದೆ: "ಎಲ್ಲಾ ಸರಿ ಅದ, ಸರ್. ಎಲ್ಲೂ ದೋಷ ಇಲ್ಲ."

"ಹೌದು, ನಾವು ಯಾವ ದೋಷಾನೂ ಹಾಕಿರಲಿಲ್ಲ," ಎಂದರು ಪರೀಕ್ಷಕರು. ಅವರ ಪೆನ್ನು ಕಾಗದದ ಮೇಲೆ ಓಡಿ ನಿಂತಿತು. ಸಹಿಯ ಸದ್ದು ನನಗೆ ಗೊತ್ತು. "ಪಾಸ್, ಮೇಡಂ. ಆದ್ರ ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಎಲ್ಲಾ ಸರಿ ಅದ ಅಂತ ಅದು ಹತ್ತು ಗಂಟೇಕ್ಕ ಹೇಳಿತ್ತಲ್ಲ?"

"ಹೇಳಿತ್ತು, ಸರ್," ಎಂದೆ. "ಈಗ ನಾ ಓದೀನಿ."